ನಿದ್ರೆ, ನಡಿಗೆ, ವಿಸರ್ಜನೆ: ಬೆಂಗಳೂರು ಗ್ರಾಮಾಂತರ ಪ್ರದೇಶದಲ್ಲಿ ವೃದ್ಧ ಶುಶ್ರೂಷೆಯ ಚರಿತ್ರೆಗೆ ಒಂದು ಪೀಠಿಕೆ

1. ವಿಷಯದ ವ್ಯಾಪ್ತಿ

ವೈದ್ಯಕೀಯದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಆಸ್ಪತ್ರೆಗಳ ಶಂಕುಸ್ಥಾಪನೆಯಿಂದ ಆರಂಭಿಸಿ, ಸಾಂಕ್ರಾಮಿಕ ರೋಗಗಳ ನಿವಾರಣೆ, ವೈದ್ಯಶಾಲೆಗಳ ಸ್ಥಾಪನೆ, ಮರಣ ಪ್ರಮಾಣದ ಇಳಿತ ಎಂಬ ಮೆಟ್ಟಿಲುಗಳನ್ನು ಒಂದೊಂದಾಗಿ ಏರಿ ಇಂದಿನ ದಿನಕ್ಕೆ ಬಂದು ಮುಟ್ಟುತ್ತಾರೆ. ಈ ಕ್ರಮದಲ್ಲಿ ದೋಷವೇನೂ ಇಲ್ಲ. ಆದರೆ ನೆಲಮಂಗಲದ ಒಂದು ಹಳ್ಳಿಯಲ್ಲಿ ರಾತ್ರಿ ಮೂರು ಬಾರಿ ಎದ್ದು, ಗೋಡೆಯನ್ನು ತಡಕುತ್ತ ಹಿತ್ತಲಿಗೆ ಹೋಗಿಬರುವ ಎಂಬತ್ತು ವರ್ಷದ ಮುದುಕಿಗೂ, ಅವಳ ಕಾಲುಸಪ್ಪಳಕ್ಕೆ ಎಚ್ಚೆತ್ತು ದೀಪ ಹಿಡಿದು ನಿಲ್ಲುವ ಸೊಸೆಗೂ ಈ ಚರಿತ್ರೆಯಲ್ಲಿ ಸ್ಥಳವಿಲ್ಲ. ಅವರಿಬ್ಬರ ನಡುವೆ ನಡೆಯುವ ಕಾರ್ಯವೂ ಶುಶ್ರೂಷೆಯೇ. ಪ್ರಮಾಣದಲ್ಲಿ ನೋಡಿದರೆ ಆಸ್ಪತ್ರೆಗಳಲ್ಲಿ ನಡೆಯುವುದಕ್ಕಿಂತ ಅದು ಬಹಳ ಹೆಚ್ಚಿನದು. ಆ ಶುಶ್ರೂಷೆಗೂ ಒಂದು ಚರಿತ್ರೆಯಿದೆಯೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ ಪರಿಶೀಲನೆಗೆ ಆರಿಸಿಕೊಂಡಿರುವ ಪ್ರದೇಶ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು. 1986ರಲ್ಲಿ ಹಳೆಯ ಬೆಂಗಳೂರು ಜಿಲ್ಲೆಯನ್ನು ಒಡೆದು ಗ್ರಾಮಾಂತರ ಜಿಲ್ಲೆಯನ್ನು ರಚಿಸಿದಾಗ ಅದರಲ್ಲಿ ಎಂಟು ತಾಲ್ಲೂಕುಗಳಿದ್ದವು. 2007ರಲ್ಲಿ ರಾಮನಗರ ಜಿಲ್ಲೆ ಬೇರೆಯಾದ ಮೇಲೆ ಈ ನಾಲ್ಕು ಉಳಿದುವು. 2025ರ ಜುಲೈ ತಿಂಗಳಿನಲ್ಲಿ ರಾಜ್ಯದ ಸಚಿವ ಸಂಪುಟವು ಇದಕ್ಕೆ ಬೆಂಗಳೂರು ಉತ್ತರ ಎಂಬ ಹೆಸರನ್ನು ಕೊಡಲು ಒಪ್ಪಿತಾದರೂ, ಲೇಖನದಲ್ಲಿ ರೂಢಿಯ ಹೆಸರನ್ನೇ ಬಳಸಲಾಗಿದೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 9,90,923. ಅದೇ ಗಣತಿಯಲ್ಲಿ ಕರ್ನಾಟಕದ ಜನರಲ್ಲಿ ನೂರಕ್ಕೆ 9.5ರಷ್ಟು ಮಂದಿ ಅರವತ್ತು ವರ್ಷ ತುಂಬಿದವರಾಗಿದ್ದರು.

ವೃದ್ಧರ ಶುಶ್ರೂಷೆಯ ನಾನಾ ಅಂಗಗಳಲ್ಲಿ ನಿದ್ರೆ, ನಡಿಗೆ, ಮಲಮೂತ್ರ ವಿಸರ್ಜನೆ ಎಂಬ ಮೂರನ್ನು ಮಾತ್ರ ಇಲ್ಲಿ ತೆಗೆದುಕೊಂಡಿದೆ. ಇವು ಮೂರು ಬೇರೆ ಬೇರೆ ತೊಂದರೆಗಳೆಂದು ಕಂಡರೂ ವಾಸ್ತವವಾಗಿ ಒಂದೇ ಸರಪಣಿಯ ಕೊಂಡಿಗಳು. ಒಂದು ಕಾಲದಲ್ಲಿ ಈ ಸರಪಣಿಯನ್ನು ಮನೆಯೆಂಬ ಸಂಸ್ಥೆ ಹೇಗೋ ನಿರ್ವಹಿಸುತ್ತಿತ್ತು. ಸರ್ಕಾರದ ಶುಶ್ರೂಷಾ ವ್ಯವಸ್ಥೆ ಹಳ್ಳಿಗೆ ಬಂದಾಗ ಅದು ಬಾಣಂತಿಯ ಬಳಿಗೆ ಬಂದಿತೇ ಹೊರತು ಮುದುಕರ ಬಳಿಗೆ ಬರಲಿಲ್ಲ. ಅಷ್ಟರಲ್ಲಿ ಮನೆಯೇ ಬದಲಾಯಿತು. ಈ ಎರಡು ಬದಲಾವಣೆಗಳ ನಡುವಣ ಅಂತರದಲ್ಲಿ ನಮ್ಮ ಇಂದಿನ ವೃದ್ಧರು ಮಲಗಿದ್ದಾರೆ.

2. ಮಾತಿನಲ್ಲಿ ಉಳಿದಿರುವ ಚರಿತ್ರೆ

ಬರೆದ ದಾಖಲೆಗಳು ವಿರಳವಾದೆಡೆ ಪದಗಳನ್ನು ಕೇಳುವುದು ಚರಿತ್ರಕಾರನಿಗೆ ಅನಿವಾರ್ಯ. ‘ಶುಶ್ರೂಷೆ’ ಎಂಬ ಸಂಸ್ಕೃತ ಶಬ್ದದ ಮೂಲಾರ್ಥ ಕೇಳಬೇಕೆಂಬ ಇಚ್ಛೆ. ಗುರುವಿನ ಮಾತನ್ನು ಕೇಳುವವನು ಅವನ ಸೇವೆ ಮಾಡುವವನೂ ಆದುದರಿಂದ ಶಬ್ದಕ್ಕೆ ಸೇವೆ ಎಂಬ ಅರ್ಥ ಬಂದಿತು. ಕನ್ನಡದ ‘ಆರೈಕೆ’ಯಲ್ಲಿ ಗಮನವಿಟ್ಟು ನೋಡುವ ಭಾವವಿದೆ. ‘ದಾದಿ’ ಎಂಬುದು ‘ಧಾತ್ರಿ’ಯ ತದ್ಭವ, ಅವಳು ಮೊದಲು ಹಾಲೂಡಿಸುವವಳು, ಮಗುವನ್ನು ಸಾಕುವವಳು, ಆಸ್ಪತ್ರೆಯ ಶುಶ್ರೂಷಕಿಗೆ ಆ ಹೆಸರು ಬಂದುದು ಆಮೇಲೆ. ಹೆರಿಗೆ ಮಾಡಿಸುವವಳಿಗೆ ‘ಸೂಲಗಿತ್ತಿ’ ಎಂಬ ಗೌರವದ ಹೆಸರಿದೆ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ ನಾಡೇ ಸಂತೋಷಪಟ್ಟಿತು.

ಆದರೆ ಮುಪ್ಪಿನವರನ್ನು ಎತ್ತಿ ಕೂರಿಸುವ, ಮೈ ಒರೆಸುವ, ಒದ್ದೆಯಾದ ಹಾಸಿಗೆಯನ್ನು ಬದಲಿಸುವ ಹೆಂಗಸಿಗೆ ನಮ್ಮ ಆಡುಮಾತಿನಲ್ಲಿ ವೃತ್ತಿಯ ಹೆಸರು ಯಾವುದು? ಅವಳನ್ನು ಸೊಸೆ, ಮಗಳು, ಹೆಂಡತಿ ಎಂದಷ್ಟೇ ಕರೆಯುತ್ತೇವೆ. ಅವಳ ಕೆಲಸ ನಂಟಿನೊಳಗೆ ಅಡಗಿಹೋಗಿರುವುದರಿಂದ ಅದಕ್ಕೆ ಬೇರೆ ಹೆಸರು ಬೇಕೆಂದು ಯಾರಿಗೂ ತೋರಿಲ್ಲ.

ಶಾಸ್ತ್ರಗ್ರಂಥಗಳಲ್ಲಿಯೂ ಸ್ಥಿತಿ ಹೆಚ್ಚು ಬೇರೆಯಾಗಿಲ್ಲ. ಚರಕ ಸಂಹಿತೆ ಚಿಕಿತ್ಸೆಗೆ ವೈದ್ಯ, ಔಷಧ, ಉಪಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿ, ಉಪಚಾರಕನಿಗೆ ಉಪಚಾರದ ಅರಿವು, ದಕ್ಷತೆ, ಅನುರಾಗ, ಶುಚಿತ್ವ ಇರಬೇಕೆಂದು ವಿಧಿಸುತ್ತದೆ. ಅದೇ ಗ್ರಂಥದಲ್ಲಿ ತಡೆಯಬಾರದ ಹದಿಮೂರು ವೇಗಗಳ ಪಟ್ಟಿಯಿದ್ದು, ಮೂತ್ರ, ಮಲ, ನಿದ್ರೆ ಮೂರೂ ಒಂದೇ ಪಟ್ಟಿಯಲ್ಲಿ ಸೇರಿವೆ. ನಮ್ಮ ವಿಷಯಕ್ಕೆ ಈ ಜೋಡಣೆ ಮುಖ್ಯವಾದುದು. ಆದರೆ ಮುಪ್ಪಿಗೆ ಸಂಬಂಧಿಸಿದ ಆಯುರ್ವೇದದ ಅಂಗವಾದ ರಸಾಯನ ಮುಖ್ಯವಾಗಿ ಮುಪ್ಪನ್ನು ದೂರವಿಡುವ ಉಪಾಯಗಳನ್ನು ಹೇಳುತ್ತದೆ; ಬಂದಿರುವ ಮುಪ್ಪಿನೊಡನೆ ದಿನ ಕಳೆಯುವ ಕ್ರಮ ಅದರ ಪ್ರಧಾನ ವಿಷಯವಲ್ಲ. ಹಳೆಯ ಕನ್ನಡದ ವೈದ್ಯ ಸಾಹಿತ್ಯದಲ್ಲಿ ದನಕರುಗಳಿಗೆ ಕೀರ್ತಿವರ್ಮನ ‘ಗೋವೈದ್ಯ’, ಮಕ್ಕಳಿಗೆ ದೇವೇಂದ್ರಮುನಿಯ ‘ಬಾಲಗ್ರಹಚಿಕಿತ್ಸೆ’, ವಿಷಕ್ಕೆ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಪ್ರಸಿದ್ಧವಾಗಿವೆ. ಮುದುಕರ ಆರೈಕೆಗೆಂದೇ ಮೀಸಲಾದ ಅಷ್ಟು ಪ್ರಸಿದ್ಧ ಗ್ರಂಥ ಈ ಸಾಲಿನಲ್ಲಿಲ್ಲ.

3. ಶುಶ್ರೂಷೆ ಮಾಡುತ್ತಿದ್ದ ಮನೆ

ಗ್ರಂಥದಲ್ಲಿ ಇಲ್ಲದ್ದು ಮನೆಯ ಕಟ್ಟಡದಲ್ಲಿ ಇತ್ತೆಂದು ಹೇಳಬಹುದು. ಈ ಬಯಲುಸೀಮೆಯ ಹಳೆಯ ಮನೆಗಳಿಗೆ ಬೀದಿಯ ಕಡೆ ಜಗಲಿ, ಒಳಗೆ ಪಡಸಾಲೆ, ಹಿಂದೆ ಬಚ್ಚಲು, ಅದರಾಚೆ ಹಿತ್ತಲು. ಮನೆಯ ಹಿರಿಯ ಗಂಡಸಿನ ಹಾಸಿಗೆ ಅನೇಕ ಕಡೆ ಜಗಲಿಗೋ ಪಡಸಾಲೆಯ ಬಾಗಿಲ ಪಕ್ಕಕ್ಕೋ ಬರುತ್ತಿತ್ತು. ಅವನು ಕೋಳಿ ಕೂಗುವುದಕ್ಕೆ ಮೊದಲೇ ಎದ್ದು ಕೆಮ್ಮಿದರೂ ಒಳಗೆ ಮಲಗಿದವರಿಗೆ ತೊಂದರೆಯಿಲ್ಲ. ಹೊರಗೆ ಹೋಗಬೇಕಾದರೆ ನಾಲ್ಕು ಹೆಜ್ಜೆ ಇಟ್ಟರೆ ಬಯಲು. ಬೆಳಗಿನ ಬಿಸಿಲು ಮೊದಲು ಬೀಳುತ್ತಿದ್ದುದೂ ಅನೇಕ ಮನೆಗಳಲ್ಲಿ ಆ ಜಗಲಿಯ ಮೇಲೆಯೇ. ಬೆಳಕು ಕಣ್ಣಿಗೆ ಬಿದ್ದಷ್ಟೂ ಹಗಲುರಾತ್ರಿಗಳ ವ್ಯತ್ಯಾಸ ದೇಹಕ್ಕೆ ತಿಳಿಯುತ್ತದೆಂದು ಇಂದಿನ ವಿಜ್ಞಾನ ಹೇಳುತ್ತದೆ. ಜಗಲಿ ಕಟ್ಟಿದವನಿಗೆ ಆ ಕಾರಣ ತಿಳಿಯದಿದ್ದರೂ ಅದರ ಫಲ ಮುದುಕನಿಗೆ ದೊರೆಯುತ್ತಿತ್ತು.

ನಡಿಗೆಯ ವಿಷಯವೂ ಹಾಗೆಯೇ. ಮೊಮ್ಮಗುವನ್ನು ನೋಡಿಕೊಳ್ಳುವುದು, ಅವರೆಕಾಯಿ ಸುಲಿಯುವುದು, ಅಂಗಳದಲ್ಲಿ ಒಣಗಲು ಹಾಕಿದ ರಾಗಿಗೆ ಕಾವಲು ಕೂರುವುದು ಇವೆಲ್ಲ ವೃದ್ಧರಿಗೆ ಒಪ್ಪಿಸಿದ ಕೆಲಸಗಳು. ಇವುಗಳಿಗಾಗಿ ದಿನಕ್ಕೆ ಹತ್ತಾರು ಬಾರಿ ಏಳುವುದು, ಕೂರುವುದು ಆಗುತ್ತಿತ್ತು. ಊಟದಲ್ಲಿ ರಾಗಿ ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆದ ಹರಳಿನಿಂದ ತೆಗೆದ ಎಣ್ಣೆ ಮೈಗೆ ತಿಕ್ಕಲೂ ಆಗುತ್ತಿತ್ತು, ಹೊಟ್ಟೆ ಕಟ್ಟಿದಾಗ ಭೇದಿಗೂ ಆಗುತ್ತಿತ್ತು.

ಆದರೆ ಈ ಚಿತ್ರವನ್ನು ಸತ್ಯಯುಗವೆಂದು ತಿಳಿಯುವುದು ತಪ್ಪಾಗುತ್ತದೆ. ಮೊದಲನೆಯದಾಗಿ, ಜಗಲಿ ಗಂಡಸಿನದು. ಮುದುಕಿಯ ಪಾಲಿಗೆ ಬರುತ್ತಿದ್ದುದು ಒಳಮನೆಯ ಕತ್ತಲ ಮೂಲೆ. ಬಹಿರ್ದೆಸೆಗೆ ಹೆಂಗಸರು ಹೊರಡುತ್ತಿದ್ದುದು ಬೆಳಕು ಹರಿಯುವ ಮುನ್ನ ಅಥವಾ ಕತ್ತಲಾದ ಮೇಲೆ. ನಡುಹಗಲಿನಲ್ಲಿ ಬಂದ ವೇಗವನ್ನು ಅವಳು ಜೀವಮಾನವೆಲ್ಲ ತಡೆದೇ ಬಂದವಳು. ಎರಡನೆಯದಾಗಿ, ಒಂದೇ ಕೋಣೆಯ ಗುಡಿಸಲಿನಲ್ಲಿದ್ದ ಭೂಹೀನರಿಗೆ ಜಗಲಿಯೂ ಇರಲಿಲ್ಲ, ಹಿತ್ತಲೂ ಇರಲಿಲ್ಲ. ಮೂರನೆಯದಾಗಿ, ಕಸುಬು ದೇಹದ ಮೇಲೆ ತನ್ನ ಗುರುತನ್ನು ಬಿಡುತ್ತಿತ್ತು. ದೊಡ್ಡಬಳ್ಳಾಪುರದಂತಹ ನೇಕಾರರ ಊರಿನಲ್ಲಿ ಗುಂಡಿ ಮಗ್ಗದ ಮುಂದೆ ಕುಳಿತು ಕಾಲಿನಿಂದ ಹಲಗೆ ತುಳಿಯುತ್ತ ನಲವತ್ತು ವರ್ಷ ಕಳೆದವನ ಮಂಡಿಯೂ ಸೊಂಟವೂ ಅರವತ್ತಕ್ಕೆ ಮುಂಚೆಯೇ ಮುಪ್ಪಾಗುತ್ತಿದ್ದವು. ಕಡೆಯದಾಗಿ, ಒಮ್ಮೆ ಹಾಸಿಗೆ ಹಿಡಿದವರು ಬಹುಕಾಲ ಉಳಿಯುತ್ತಿರಲಿಲ್ಲ. ಹಳೆಯ ಮನೆಯ ಆರೈಕೆ ಯಶಸ್ವಿಯಾದಂತೆ ಕಾಣುವುದಕ್ಕೆ, ದೀರ್ಘವಾದ ಪರೀಕ್ಷೆಗೆ ಅದು ಒಳಗಾಗದೆ ಇದ್ದುದೂ ಒಂದು ಕಾರಣ.

4. ಆಸ್ಪತ್ರೆಯೂ ದಾದಿಯೂ ಬಂದ ಬಗೆ

ಈ ತಾಲ್ಲೂಕುಗಳ ಜನಕ್ಕೆ ದೊಡ್ಡ ಆಸ್ಪತ್ರೆಯೆಂದರೆ ಬೆಂಗಳೂರು. ಅಲ್ಲಿ 1886ರಲ್ಲಿ ಗುಡ್ ಶೆಫರ್ಡ್ ಸಂನ್ಯಾಸಿನಿಯರು ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ಆರಂಭಿಸಿದರು. 1897ರಲ್ಲಿ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ಅಡಿಗಲ್ಲಿಟ್ಟ ವಿಕ್ಟೋರಿಯಾ ಆಸ್ಪತ್ರೆಯನ್ನು 1900ರ ಡಿಸೆಂಬರ್ 8ರಂದು ಲಾರ್ಡ್ ಕರ್ಜನ್ ಉದ್ಘಾಟಿಸಿದರು. ನಡುವೆ 1898ರಲ್ಲಿ ಪ್ಲೇಗು ಬಂದು ಊರೂರನ್ನು ಬರಿದು ಮಾಡಿತು. ಮನೆಯ ಹೊರಗಿನವರು ರೋಗಿಯನ್ನು ನೋಡಿಕೊಳ್ಳುವ ದೃಶ್ಯವನ್ನು ಅನೇಕರು ಮೊದಲು ಕಂಡದ್ದು ಆ ಕಾಲದ ಶಿಬಿರಗಳಲ್ಲಿ. 1935ರಲ್ಲಿ ಹೆಂಗಸರಿಗೂ ಮಕ್ಕಳಿಗೂ ಮೀಸಲಾಗಿ ವಾಣಿವಿಲಾಸ ಆಸ್ಪತ್ರೆ ತೆರೆಯಿತು. ಅದೇ ದಶಕದಲ್ಲಿ, ಆಗ ಕ್ಲೋಸ್‌ಪೇಟೆಯೆಂದು ಕರೆಯುತ್ತಿದ್ದ ರಾಮನಗರದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಗ್ರಾಮಾರೋಗ್ಯದ ಕೇಂದ್ರವೊಂದು ಸ್ಥಾಪನೆಯಾಗಿ, ಹಳ್ಳಿಗಾಡಿನ ಆರೋಗ್ಯ ಕಾರ್ಯಕರ್ತರ ತರಬೇತಿಗೆ ನೆಲೆಯಾಯಿತು.

ಇವುಗಳ ಗುರಿಯನ್ನು ಗಮನಿಸಿದರೆ ಒಂದು ಕ್ರಮ ಸ್ಪಷ್ಟವಾಗುತ್ತದೆ. ಮೊದಲು ಸಾಂಕ್ರಾಮಿಕ ರೋಗ, ಆಮೇಲೆ ಹೆರಿಗೆ ಮತ್ತು ಶಿಶು. ಆ ಕಾಲದ ಮರಣ ಪ್ರಮಾಣವನ್ನು ನೆನೆದರೆ ಇದು ನ್ಯಾಯವಾದ ಕ್ರಮವೇ. 1946ರಲ್ಲಿ ವರದಿಯೊಪ್ಪಿಸಿದ ಭೋರ್ ಸಮಿತಿ ಇಡೀ ದೇಶದಲ್ಲಿ 43,000 ಜನಕ್ಕೆ ಒಬ್ಬ ದಾದಿಯಿರುವುದಾಗಿ ಲೆಕ್ಕ ಹಾಕಿತ್ತು. ಅಷ್ಟು ವಿರಳವಾಗಿದ್ದ ದಾದಿಯನ್ನು ಮೊದಲು ತಾಯಿ ಮತ್ತು ಮಗುವಿನ ಬಳಿಗೆ ಕಳುಹಿಸಿದುದರಲ್ಲಿ ಆಶ್ಚರ್ಯವಿಲ್ಲ. 1952ರ ಸಮುದಾಯ ಅಭಿವೃದ್ಧಿ ಯೋಜನೆಯೊಡನೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದುವು. ಸಹಾಯಕ ದಾದಿ ಮತ್ತು ಸೂಲಗಿತ್ತಿ ಎಂಬ ಹೊಸ ಹುದ್ದೆ ಹುಟ್ಟಿತು. ಆ ಹೆಸರೇ ಅವಳ ಕೆಲಸದ ಎಲ್ಲೆಯನ್ನು ಹೇಳುತ್ತದೆ. 1960ರ ದಶಕದ ನಡುವಿನಿಂದ ಕುಟುಂಬ ಯೋಜನೆಯ ಗುರಿಗಳು ಅವಳ ಹೆಗಲಿಗೆ ಬಿದ್ದುವು. ಹೀಗೆ ಸರ್ಕಾರದ ದಾದಿ ಒಂದು ಮನೆಗೆ ಬಂದರೆ ಬಸುರಿಯನ್ನು ನೋಡಿ, ಮಗುವಿಗೆ ಚುಚ್ಚುಮದ್ದು ಹಾಕಿ, ಪಡಸಾಲೆಯ ಮೂಲೆಯಲ್ಲಿ ಮಲಗಿದ್ದ ಅಜ್ಜಿಯನ್ನು ಹಾದು ಹೊರಟುಹೋಗುತ್ತಿದ್ದಳು. ಅವಳ ಪುಸ್ತಕದಲ್ಲಿ ಅಜ್ಜಿಗೆ ಅಂಕಣವೇ ಇರಲಿಲ್ಲ.

ಇದಕ್ಕೆ ಒಂದು ಅಪವಾದವನ್ನು ಇಲ್ಲಿ ಹೇಳಬೇಕು. 1839ರಲ್ಲಿ ಫ್ರಾನ್ಸಿನ ಜಾನ್ ಜ್ಯೂಗಾನ್ ಎಂಬಾಕೆ ಕುರುಡಿಯಾದ ಒಬ್ಬ ಮುದುಕಿಯನ್ನು ತನ್ನ ಮನೆಗೆ ತಂದು, ತನ್ನ ಹಾಸಿಗೆಯನ್ನೇ ಅವಳಿಗೆ ಬಿಟ್ಟುಕೊಟ್ಟಳು. ಅದರಿಂದ ಬೆಳೆದ ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್ ಎಂಬ ಸಂನ್ಯಾಸಿನಿಯರ ಸಂಘ 1900ರಲ್ಲಿ ಬೆಂಗಳೂರಿನಲ್ಲಿ ಬಡ ವೃದ್ಧರಿಗಾಗಿ ಆಶ್ರಮವನ್ನು ತೆರೆಯಿತು. ವೃದ್ಧರ ಶುಶ್ರೂಷೆಯನ್ನೇ ಮುಖ್ಯ ಕಾರ್ಯವಾಗಿ ಹಿಡಿದ ಸಂಸ್ಥೆಯೊಂದು ವಿಕ್ಟೋರಿಯಾ ಆಸ್ಪತ್ರೆ ತೆರೆದ ವರ್ಷವೇ ಇಲ್ಲಿ ನೆಲೆಯೂರಿದ್ದು ನೆನಪಿಡತಕ್ಕ ಸಂಗತಿ. ಆದರೆ ಅದು ನಗರದ ಸಂಸ್ಥೆ. ಹಳ್ಳಿಯ ಮನೆಯವರು ಹಿರಿಯರನ್ನು ಆಶ್ರಮಕ್ಕೆ ಕಳುಹಿಸುವುದನ್ನು ಅವಮಾನವೆಂದೇ ಎಣಿಸುತ್ತಿದ್ದರು.

ಇನ್ನೊಂದು ಕಾರಣವನ್ನು ಮುಚ್ಚಿಡುವಂತಿಲ್ಲ. ಪರರ ಮಲಮೂತ್ರವನ್ನು ಮುಟ್ಟುವುದು ಮೈಲಿಗೆಯೆಂಬ ಭಾವನೆ ಶುಶ್ರೂಷಾ ವೃತ್ತಿಯನ್ನು ಬಹುಕಾಲ ಕಾಡಿತು. ಅನೇಕ ಮೇಲುಜಾತಿಯ ಕುಟುಂಬಗಳು ಹೆಣ್ಣುಮಕ್ಕಳನ್ನು ಈ ತರಬೇತಿಗೆ ಕಳುಹಿಸಲು ಹಿಂಜರಿದುದರಿಂದ ಮೊದಲ ತಲೆಮಾರುಗಳ ದಾದಿಯರಲ್ಲಿ ಕ್ರೈಸ್ತರೂ ಆಂಗ್ಲೋ-ಇಂಡಿಯನ್ನರೂ ಹೆಚ್ಚಾಗಿದ್ದರು. ಪಟ್ಟಣಗಳಲ್ಲಿ ಮಲವನ್ನು ಎತ್ತುವ ಕೆಲಸವನ್ನು ಸಮಾಜ ಕೆಲವು ಜಾತಿಗಳ ತಲೆಯ ಮೇಲೆ ಅಕ್ಷರಶಃ ಹೊರಿಸಿತ್ತು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸರ ಸಚಿವ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದುದು ಈ ದೃಷ್ಟಿಯಿಂದ ಶುಶ್ರೂಷೆಯ ಚರಿತ್ರೆಗೂ ಸೇರಿದ ಘಟನೆ. ಮನೆಯೊಳಗೆ ಅದೇ ಕೆಲಸ ಸೊಸೆಗೆ ಬಂದಾಗ ಅದು ಧರ್ಮವೆನಿಸಿತು. ಹೊರಗೆ ಕೂಲಿಗೆ ಮಾಡುವವಳಿಗೆ ಅದು ಹೊಲಸೆನಿಸಿತು. ಎರಡು ಕಡೆಯೂ ಅದನ್ನು ಅರಿವು ಬೇಕಾದ ಕೆಲಸವೆಂದು ಮಾತ್ರ ಯಾರೂ ಎಣಿಸಲಿಲ್ಲ.

5. ಅರಿವು ಬೆಳೆದ ದಾರಿ

ಈ ಕೆಲಸಕ್ಕೆ ಅರಿವು ಬೇಕೆಂಬುದು ಹೊರಜಗತ್ತಿನಲ್ಲಿಯೂ ತಡವಾಗಿ ತಿಳಿದ ವಿಷಯ. 1930ರ ದಶಕದ ನಡುವೆ ಲಂಡನ್ನಿನ ವೆಸ್ಟ್ ಮಿಡಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಡಾಕ್ಟರ್ ಮಾರ್ಜರಿ ವಾರನ್ ಅವರ ಪಾಲಿಗೆ ವರ್ಷಗಟ್ಟಲೆ ಹಾಸಿಗೆಯಲ್ಲಿಯೇ ಬಿದ್ದಿದ್ದ ನೂರಾರು ವೃದ್ಧರ ವಾರ್ಡುಗಳು ಬಂದುವು. ಆಕೆ ಅವರನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿ, ಎಬ್ಬಿಸಿ, ಕೂರಿಸಿ, ನಡೆಸಿ, ಅನೇಕರನ್ನು ಮನೆಗೆ ಕಳುಹಿಸಿದರು. 1947ರಲ್ಲಿ ರಿಚರ್ಡ್ ಆಶರ್ ಎಂಬ ವೈದ್ಯ ಹಾಸಿಗೆಯ ವಾಸದಿಂದಲೇ ಬರುವ ಕೇಡುಗಳನ್ನು ವಿವರಿಸಿ ಬರೆದ ಲೇಖನ ಪ್ರಸಿದ್ಧವಾಯಿತು. 1960ರಲ್ಲಿ ಅಂತರರಾಷ್ಟ್ರೀಯ ದಾದಿಯರ ಮಂಡಲಿ ಪ್ರಕಟಿಸಿದ ವರ್ಜೀನಿಯಾ ಹೆಂಡರ್ಸನ್ ಅವರ ಪುಸ್ತಿಕೆ ಶುಶ್ರೂಷೆಯನ್ನು ಹದಿನಾಲ್ಕು ಮೂಲ ಅಗತ್ಯಗಳಾಗಿ ವಿಂಗಡಿಸಿತು. ಅದರಲ್ಲಿ ವಿಸರ್ಜನೆ ಮೂರನೆಯದು, ಚಲನೆ ನಾಲ್ಕನೆಯದು, ನಿದ್ರೆ ಐದನೆಯದು. 1962ರಲ್ಲಿ ಡೋರೀನ್ ನಾರ್ಟನ್ ಎಂಬ ದಾದಿಯೂ ಆಕೆಯ ಸಹೋದ್ಯೋಗಿಗಳೂ ವೃದ್ಧರ ಹಾಸಿಗೆ ಹುಣ್ಣನ್ನು ಅಭ್ಯಸಿಸಿ, ಅದು ಯಾರಿಗೆ ಬರಬಹುದೆಂದು ಮೊದಲೇ ಅಳೆಯುವ ಪಟ್ಟಿಯನ್ನು ಸಿದ್ಧಪಡಿಸಿದರು. ಮುಲಾಮುಗಳಿಗಿಂತ ಹೊತ್ತಿಗೆ ಸರಿಯಾಗಿ ಮಗ್ಗುಲು ಬದಲಿಸುವುದೇ ಹುಣ್ಣಿಗೆ ತಡೆಯೆಂದು ಆ ಅಧ್ಯಯನದಿಂದ ತಿಳಿಯಿತು.

ಈ ಅರಿವಿನ ತಿರುಳನ್ನು ನಮ್ಮ ಹಳ್ಳಿಯ ಸಂದರ್ಭದಲ್ಲಿ ಹೀಗೆ ಹೇಳಬಹುದು. ವಯಸ್ಸಾದಂತೆ ನಿದ್ರೆ ತೆಳುವಾಗುತ್ತದೆ. ಬೇಗ ಬಂದು ಬೇಗ ಮುಗಿಯುತ್ತದೆ. ಯೌವನದಲ್ಲಿ ಹಗಲು ಹೆಚ್ಚು ಮೂತ್ರವನ್ನು ಮಾಡುತ್ತಿದ್ದ ದೇಹ ಮುಪ್ಪಿನಲ್ಲಿ ರಾತ್ರಿ ಹೆಚ್ಚು ಮಾಡುತ್ತದೆ; ಹಗಲೆಲ್ಲ ಕಾಲಿನಲ್ಲಿ ಇಳಿದುನಿಂತ ನೀರು ಮಲಗಿದಾಗ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಎಚ್ಚೆತ್ತ ಮುದುಕಿ ಕತ್ತಲಲ್ಲಿ ಎದ್ದು ಹೊಸಲು ಎಡವಿ ಬೀಳುತ್ತಾಳೆ. ಒಮ್ಮೆ ಬಿದ್ದರೆ ಭಯ. ಸೊಂಟದ ಮೂಳೆ ಮುರಿದರೆ ಹಾಸಿಗೆ. ಯಾರಿಗೂ ತೊಂದರೆಯಾಗಬಾರದೆಂದು ಅವಳು ನೀರು ಕುಡಿಯುವುದನ್ನೇ ಕಡಮೆ ಮಾಡುತ್ತಾಳೆ. ಈ ನಿಶ್ಶಬ್ದವಾದ ತ್ಯಾಗವೇ ಮುಂದಿನ ಕೇಡುಗಳ ಮೂಲ. ನೀರಿಲ್ಲದೆ ಮಲ ಗಟ್ಟಿಯಾಗುತ್ತದೆ. ಗಟ್ಟಿಯಾದ ಮಲ ಮೂತ್ರಕೋಶವನ್ನು ಒತ್ತಿ ಹನಿಹನಿಯಾಗಿ ಸೋರಿಸುತ್ತದೆ, ಇಲ್ಲವೇ ಕಟ್ಟಿಬಿಡುತ್ತದೆ. ಕೆಲವೊಮ್ಮೆ ಕಟ್ಟಿದ ಮಲದ ಪಕ್ಕದಿಂದ ತೆಳುವಾದುದು ಸೋರಿ ಭೇದಿಯಂತೆ ತೋರುವುದರಿಂದ, ಮನೆಯವರು ಭೇದಿ ನಿಲ್ಲಿಸುವ ಔಷಧವನ್ನು ಕೊಟ್ಟು ಕೆಡಕನ್ನು ಹೆಚ್ಚಿಸುವುದೂ ಉಂಟು. ನೀರು ಕಡಮೆಯಾಗಿ ಮೂತ್ರದ ಸೋಂಕು ತಗುಲಿದರೆ ಮನಸ್ಸು ಕದಡುತ್ತದೆ. ಮುದುಕಿ ಹೊತ್ತಲ್ಲದ ಹೊತ್ತಿನಲ್ಲಿ ಸತ್ತವರನ್ನು ಕರೆಯುತ್ತಾಳೆ. ‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಹೇಳಿ ನಾವು ಸುಮ್ಮನಾಗುತ್ತೇವೆ. ಎಷ್ಟೋ ವೇಳೆ ಅದು ಅರಳುಮರಳಲ್ಲ. ಸಕಾಲದಲ್ಲಿ ವೈದ್ಯರು ನೋಡಿದರೆ ವಾಸಿಯಾಗುವ ಕಾಯಿಲೆ. ರಾತ್ರಿ ಕೂಗುತ್ತಾಳೆಂದು ನಿದ್ರೆಯ ಮಾತ್ರೆ ಕೊಟ್ಟರೆ ಕಾಲು ಇನ್ನಷ್ಟು ತಡವರಿಸಿ ಮತ್ತೆ ಬೀಳುತ್ತಾಳೆ. ಹೀಗೆ ಸರಪಣಿ ಒಂದು ಸುತ್ತು ಪೂರೈಸುತ್ತದೆ.

ಸರಪಣಿಯನ್ನು ಎಲ್ಲಿ ಕತ್ತರಿಸಬೇಕೆಂದು ತಿಳಿದವಳೇ ನುರಿತ ದಾದಿ. ಅವಳು ಮಾಡುವುದೆಲ್ಲ ಸಣ್ಣ ಕೆಲಸಗಳು: ಹಗಲಿನಲ್ಲಿ ನೀರು ಕುಡಿಸಿ ಸಂಜೆಯ ಕಾಫಿ, ಟೀ ಕಡಮೆ ಮಾಡುವುದು, ಮಧ್ಯಾಹ್ನ ಕಾಲನ್ನು ಎತ್ತರಕ್ಕೆ ಇರಿಸುವುದು, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಬೆಳಗ್ಗೆಯೇ ಕೊಡಬಹುದೇ ಎಂದು ವೈದ್ಯರನ್ನು ಕೇಳುವುದು, ಬೆಳಗಿನ ತಿಂಡಿಯ ಬಳಿಕ ದಿನವೂ ಒಂದೇ ಹೊತ್ತಿಗೆ ಶೌಚಕ್ಕೆ ಕೂರಿಸುವುದು, ರಾತ್ರಿ ಹಾಸಿಗೆಯಿಂದ ಬಾಗಿಲವರೆಗೆ ಮಂದವಾದ ದೀಪ ಇರಿಸುವುದು, ನಡೆಯಬಲ್ಲವರನ್ನು ದಿನಕ್ಕೆರಡು ಬಾರಿಯಾದರೂ ನಡೆಸುವುದು, ನಡೆಯಲಾರದವರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಚರ್ಮ ಕೆಂಪಾದ ಕಡೆ ತಿಕ್ಕದೆ ಒತ್ತಡವನ್ನು ತಪ್ಪಿಸುವುದು. ಇವುಗಳಲ್ಲಿ ಯಾವುದಕ್ಕೂ ದೊಡ್ಡ ವೆಚ್ಚವಿಲ್ಲ. ಬೇಕಾದುದು ತಿಳಿವಳಿಕೆ ಮತ್ತು ಬಿಡುವಿರುವ ಒಬ್ಬ ಮನುಷ್ಯ.

6. ಬದಲಾದ ಮನೆ

ಈ ತಿಳಿವಳಿಕೆ ಪುಸ್ತಕಗಳಲ್ಲಿ ಬೆಳೆಯುತ್ತಿದ್ದ ಕಾಲದಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳ ಮನೆಗಳಲ್ಲಿ ಬಿಡುವು ಕರಗುತ್ತ ಬಂದಿತು. ದೊಡ್ಡಬಳ್ಳಾಪುರದಲ್ಲಿ ಕೈಮಗ್ಗದ ಸ್ಥಾನಕ್ಕೆ ವಿದ್ಯುತ್ ಮಗ್ಗ ಬಂದಿತು. ಮಗ್ಗವೂ ಸಂಸಾರವೂ ಒಂದೇ ಮಾಡಿನ ಕೆಳಗಿರುವ ಮನೆಯಲ್ಲಿ ಮುದುಕರ ತೆಳುನಿದ್ರೆಗೆ ಆ ಸದ್ದು ಶತ್ರು. ಹೆಂಗಸರು ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ದುಡಿಯಲು ಹೊರಟರು. ಹೊಸಕೋಟೆ, ನೆಲಮಂಗಲಗಳು ಹೆದ್ದಾರಿಯ, ಕಾರ್ಖಾನೆಯ, ಉಗ್ರಾಣಗಳ ಊರುಗಳಾದವು. ದೇವನಹಳ್ಳಿಯ ಬಳಿ 2008ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ತೆರೆಯಿತು; ಹೊಲಗಳು ನಿವೇಶನಗಳಾದುವು. ಸೊಸೆ ಬೆಳಗ್ಗೆ ಕಾರ್ಖಾನೆಯ ಬಸ್ಸು ಹತ್ತಿದರೆ ಮರಳುವುದು ಕತ್ತಲಾದ ಮೇಲೆ. ಅವಳು ದುಡಿಯಲು ಹೊರಟದ್ದನ್ನು ಯಾರೂ ದೂರಬೇಕಾಗಿಲ್ಲ. ಅವಳು ಅದುವರೆಗೆ ಕೂಲಿಯಿಲ್ಲದೆ ಮಾಡುತ್ತಿದ್ದ ಕೆಲಸವನ್ನು ಇನ್ನಾರು ಮಾಡಬೇಕೆಂದು ಕೇಳದೆ ಹೋದುದೇ ತಪ್ಪು.

ಕಟ್ಟಡವೂ ಬದಲಾಯಿತು. ರಸ್ತೆ ಅಗಲವಾದೆಡೆ ಜಗಲಿ ಹೋಯಿತು. ಮಣ್ಣಿನ ನೆಲಕ್ಕೆ ಬದಲಾಗಿ ನುಣುಪಾದ ಟೈಲ್ಸ್ ಬಂದು, ಒದ್ದೆಯಾದಾಗ ಅದೇ ಜಾರುಬಂಡೆಯಾಯಿತು. 2014ರಲ್ಲಿ ಸ್ವಚ್ಛ ಭಾರತ ಅಭಿಯಾನ ಆರಂಭವಾದ ಮೇಲೆ ಶೌಚಾಲಯವಿಲ್ಲದ ಮನೆಗಳಲ್ಲಿ ಶೌಚಾಲಯ ಕಟ್ಟುವ ಕಾರ್ಯ ವೇಗ ಪಡೆಯಿತು. ಕತ್ತಲಿಗಾಗಿ ಕಾಯುತ್ತಿದ್ದ ಹೆಂಗಸರಿಗೆ ಇದರಿಂದಾದ ಉಪಕಾರ ಸಣ್ಣದಲ್ಲ. ಆದರೆ ಅವುಗಳಲ್ಲಿ ಬಹುಪಾಲು ಕುಕ್ಕರಗಾಲಿನಲ್ಲಿ ಕೂರುವಂಥವು, ಒಬ್ಬರು ನಿಂತರೆ ಇನ್ನೊಬ್ಬರು ಹಿಡಿದುಕೊಳ್ಳಲು ಜಾಗವಿಲ್ಲದ ಇಕ್ಕಟ್ಟು, ಹಿಡಿಕೆಯಿಲ್ಲ, ಮೆಟ್ಟಿಲು ಎತ್ತರ. ಮಂಡಿ ಸವೆದ ನೇಕಾರನಿಗೆ ಅಲ್ಲಿ ಕೂರುವುದು ಕಷ್ಟ, ಕುಳಿತರೆ ಏಳುವುದು ಇನ್ನೂ ಕಷ್ಟ. ಇದಕ್ಕೆ ಜನರೇ ಕಂಡುಕೊಂಡ ಉಪಾಯವೊಂದಿದೆ. ಹಳೆಯ ಪ್ಲಾಸ್ಟಿಕ್ ಕುರ್ಚಿಯ ನಡುವೆ ದುಂಡಗೆ ಕತ್ತರಿಸಿ, ಗುಂಡಿಯ ಮೇಲೋ ಬಕೀಟಿನ ಮೇಲೋ ಇಡುತ್ತಾರೆ. ನಯವಿಲ್ಲದ ಈ ಕುರ್ಚಿ ವೃದ್ಧ ಶುಶ್ರೂಷೆಯ ಚರಿತ್ರೆಯಲ್ಲಿ ನಾರ್ಟನ್ನರ ಪಟ್ಟಿಯಷ್ಟೇ ಗಂಭೀರವಾದ ಸಾಕ್ಷ್ಯ.

7. ಕಾಯಿದೆಗಳೂ ಯೋಜನೆಗಳೂ

ಕಳೆದ ಕಾಲು ಶತಮಾನದಲ್ಲಿ ಸರ್ಕಾರ ವೃದ್ಧರತ್ತ ನೋಡಲಿಲ್ಲವೆಂದು ಹೇಳುವಂತಿಲ್ಲ. 1999ರಲ್ಲಿ ಹಿರಿಯರ ರಾಷ್ಟ್ರೀಯ ನೀತಿ ಬಂದಿತು. 2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯಾಯಿತು. ಅದೇ ವರ್ಷ ಕರ್ನಾಟಕದಲ್ಲಿ 65 ವರ್ಷ ತುಂಬಿದ ಬಡವರಿಗಾಗಿ ಸಂಧ್ಯಾ ಸುರಕ್ಷಾ ಯೋಜನೆ ತಿಂಗಳಿಗೆ 400 ರೂಪಾಯಿಗಳೊಡನೆ ಆರಂಭವಾಯಿತು. 2010ರ ರಾಷ್ಟ್ರೀಯ ವೃದ್ಧ ಆರೋಗ್ಯ ಕಾರ್ಯಕ್ರಮದ ವಿನ್ಯಾಸದಲ್ಲಿ ಜಿಲ್ಲಾ ಆಸ್ಪತ್ರೆಗೆ ಹತ್ತು ಹಾಸಿಗೆಗಳ ವೃದ್ಧರ ವಾರ್ಡು, ಪ್ರಾಥಮಿಕ ಕೇಂದ್ರದಲ್ಲಿ ವಾರಕ್ಕೊಮ್ಮೆ ವೃದ್ಧರ ಚಿಕಿತ್ಸಾಲಯ, ಹಾಸಿಗೆ ಹಿಡಿದವರ ಮನೆಗೆ ಆರೋಗ್ಯ ಕಾರ್ಯಕರ್ತರ ಭೇಟಿ ಇವೆಲ್ಲ ಇವೆ. 2018ರಲ್ಲಿ ಆರಂಭವಾದ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳ ಹನ್ನೆರಡು ಬಗೆಯ ಸೇವೆಗಳಲ್ಲಿ ವೃದ್ಧರ ಆರೈಕೆಯೂ ಉಪಶಮನ ಚಿಕಿತ್ಸೆಯೂ ಸೇರಿವೆ. ನೆರೆಯ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಗ್ರಾಮೀಣ ಜನರ ಮುಪ್ಪನ್ನು ಕುರಿತು ದೀರ್ಘಕಾಲದ ಅಧ್ಯಯನವನ್ನು ಕೈಗೊಂಡಿದೆ.

ಇವೆಲ್ಲವನ್ನೂ ಮೆಚ್ಚಿಕೊಂಡೇ ಒಂದು ಮಾತನ್ನು ಹೇಳಬೇಕಾಗಿದೆ. ಕಾಯಿದೆ ಪೋಷಣೆಯನ್ನು ಕೇಳಬಹುದು, ಪಿಂಚಣಿ ಅನ್ನವನ್ನು ಕೊಡಬಹುದು, ಚಿಕಿತ್ಸಾಲಯ ರಕ್ತದೊತ್ತಡವನ್ನು ಅಳೆಯಬಹುದು. ರಾತ್ರಿ ಎರಡು ಗಂಟೆಗೆ ಹಾಸಿಗೆಯ ಬಳಿ ನಿಲ್ಲುವವರು ಯಾರು ಎಂಬ ಪ್ರಶ್ನೆ ಇವುಗಳ ಹೊರಗೆ ಉಳಿಯುತ್ತದೆ. ಚಿಕಿತ್ಸಾಲಯಕ್ಕೆ ನಡೆದು ಬರಬಲ್ಲ ವೃದ್ಧರಿಗಿಂತ ಬರಲಾರದವರಿಗೆ ಶುಶ್ರೂಷೆ ಹೆಚ್ಚು ಬೇಕು. ಮನೆಯ ಹೆಂಗಸಿಗೆ ಮಗ್ಗುಲು ಬದಲಿಸುವ ಕ್ರಮವನ್ನೂ ಸೊಂಟಕ್ಕೆ ಪೆಟ್ಟಾಗದಂತೆ ಎತ್ತುವ ಕ್ರಮವನ್ನೂ ಕಲಿಸಿ, ವಾರಕ್ಕೊಂದು ದಿನವಾದರೂ ಅವಳಿಗೆ ಬಿಡುವು ಕೊಡಿಸುವ ಏರ್ಪಾಡು ಇಲ್ಲದಿದ್ದರೆ, ಐವತ್ತು ವರ್ಷಗಳ ಹಿಂದೆ ಅಜ್ಜಿಯನ್ನು ಹಾದುಹೋದ ದಾದಿಯಂತೆಯೇ ನಮ್ಮ ಯೋಜನೆಗಳೂ ಹಾದುಹೋಗುತ್ತವೆ.

8. ಉಪಸಂಹಾರ

ಮೇಲಣ ಪರಿಶೀಲನೆಯಿಂದ ಮೂರು ಅಂಶಗಳು ಸಿದ್ಧಿಸುತ್ತವೆ. ನಿದ್ರೆ, ನಡಿಗೆ, ವಿಸರ್ಜನೆ ಮೂರೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಒಂದನ್ನು ಬಿಟ್ಟು ಇನ್ನೊಂದಕ್ಕೆ ಮದ್ದು ಮಾಡಲಾಗದು. ಈ ಪ್ರದೇಶದಲ್ಲಿ ಅವುಗಳ ನಿರ್ವಹಣೆ ಮನೆಯ ಕಟ್ಟಡದ ಮೇಲೂ ಮನೆಯ ಹೆಂಗಸಿನ ಮೇಲೂ ನಿಂತಿತ್ತು, ಎರಡೂ ಬದಲಾಗಿವೆ. ಸಾರ್ವಜನಿಕ ಶುಶ್ರೂಷೆ ಹುಟ್ಟಿನ ಕಡೆಗೆ ಮುಖಮಾಡಿ ಬೆಳೆದುದರಿಂದ ಮುಪ್ಪಿನ ಕಡೆಗೆ ತಿರುಗಲು ಅದಕ್ಕೆ ಇನ್ನೂ ಪೂರ್ಣವಾಗಿ ಸಾಧ್ಯವಾಗಿಲ್ಲ.

ಈ ಚರಿತ್ರೆಯ ಆಕರಗಳು ದಫ್ತರಗಳಲ್ಲಿ ಸಿಕ್ಕುವುದಕ್ಕಿಂತ ಹೆಚ್ಚಾಗಿ ಮನೆಗಳಲ್ಲಿ ಸಿಕ್ಕುತ್ತವೆ. ಈ ತಾಲ್ಲೂಕುಗಳಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ತಮ್ಮ ಮನೆಯ ಅಜ್ಜಿಯ ಹಾಸಿಗೆ ಹತ್ತು ವರ್ಷಗಳಲ್ಲಿ ಎಲ್ಲೆಲ್ಲಿಗೆ ಸ್ಥಳ ಬದಲಿಸಿತು, ರಾತ್ರಿ ಅವಳೊಡನೆ ಎದ್ದವರು ಯಾರು, ಊರುಗೋಲನ್ನು ಯಾವ ಮರದಿಂದ ಮಾಡಿದರು, ಕುರ್ಚಿಯನ್ನು ಯಾರು ಕತ್ತರಿಸಿದರು ಎಂಬುದನ್ನು ಕೇಳಿ ಬರೆದಿಡಬಹುದು. ಅಧ್ಯಾಪಕರು ಅವನ್ನು ಸಂಗ್ರಹಿಸಿ ತಾಲ್ಲೂಕುವಾರು ಹೋಲಿಸಬಹುದು. ಕೇಳುವ ಇಚ್ಛೆಯೇ ಶುಶ್ರೂಷೆಯ ಮೊದಲ ಅರ್ಥವೆಂದು ಆರಂಭದಲ್ಲಿ ಕಂಡೆವು. ಹಾಗೆ ಕೇಳುವ ವಿದ್ಯಾರ್ಥಿಗೆ ಚರಿತ್ರೆಯ ಸಾಮಗ್ರಿ ದೊರೆಯುವುದರ ಜೊತೆಗೆ, ಅಜ್ಜಿ ಸಂಜೆಯ ನೀರನ್ನು ಏಕೆ ಬಿಟ್ಟಿದ್ದಾಳೆಂಬುದೂ ತಿಳಿದುಬರಬಹುದು.